ಮೂವರಲ್ಲ, ಒಬ್ಬನೇ

ಫೆಬ್ರವರಿ ೧೧, ಭಾನುವಾರ

ನನ್ನ ಮುದ್ದು ಪುಟ್ಟಿಗೆ, ಕತ್ತರಿ ಕೆಳಗಿಟ್ಟು ನಿನ್ನ ಸೋದರಮಾವ ಮಾಡುವ ಆಶೀರ್ವಾದ.

ಉತ್ತರ ತಡವಾಯಿತು, ಬೈಯಬೇಡ. ದೊಡ್ಡ ಮನುಷ್ಯನಾದ ಮೇಲೆ ಪುರುಸೊತ್ತು ಎಲ್ಲಿ? ನೀನು ಅರಬ್ಬಿಯಿಂದ ಕನ್ನಡಕ್ಕೆ ತಂದ ಕಾದಂಬರಿಯ ಬಗ್ಗೆ ನಾನು ಬರೆದ ವಿಮರ್ಶೆ ನಮ್ಮ ವಾರಪತ್ರಿಕೆಯಲ್ಲಿ ಅಚ್ಚಾಗಿದೆ. ಏಳನೇ ಕ್ಲಾಸು ಓದಿದ ದರ್ಜಿ ಕಣೇ ನಾನು! ಸಂಪಾದಕರು ಪ್ಯಾಂಟಿಗೆ ಅಳತೆ ಕೊಡಲು ಬಂದಾಗ ಪುಸ್ತಕ ಮಿಷನ್ನಿನ ಮೇಲಿತ್ತು. ಅವರ ಸೊಂಟದ ಅಳತೆ ಮುಗಿಯುವುದರೊಳಗೆ ಅರ್ಧ ಕಥೆ ಹೇಳಿದೆ. "ಇದನ್ನೇ ಬರೆದುಕೊಡಿ" ಅಂದರು. ಪಾಪ, ಅವರಿಗೂ ಒಳ್ಳೆಯ ಬರಹಗಾರರು ಸಿಗಬೇಡವೇ?

ಬರೆದೆ ನೋಡು! ಬಂದರಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳು, ಗಂಡನ ಜೊತೆ ಮಾತು ಬಿಟ್ಟು ಬೆಕ್ಕಿಗೆ ಹೇಳುವಂತೆ ಅವನನ್ನು ಬೈಯುವ ಹೆಂಗಸು, ಎಲ್ಲವನ್ನೂ ಹೊಗಳಿದೆ. ನಿನ್ನ ಕನ್ನಡಕ್ಕೆ 'ಒಳಗು ಹೊರಗು ಮಾಡಿ ನೋಡಿದರೂ ಹೊಲಿಗೆ ಕಾಣದು' ಎಂದು ಸರ್ಟಿಫಿಕೇಟು ಕೊಟ್ಟೆ. ಆದರೆ ವಿಮರ್ಶಕ ಅಂದಮೇಲೆ ಒಂದು ತಪ್ಪಾದರೂ ಹಿಡಿಯಬೇಕಲ್ಲ? 'ದೋಣಿ ರಿಪೇರಿಯವನು, ಕುಂಟ, ಇಂಥವಳ ಅಪ್ಪ ಎಂದು ಮೂವರು ಬರುತ್ತಾರೆ. ಇಬ್ಬರು ನಡುವೆಯೇ ಮಾಯ! ಲೇಖಕರಿಗೆ ಮರೆವು ಜಾಸ್ತಿ' ಎಂದು ಗದರಿಸಿದೆ.

ಪತ್ರಿಕೆ ಬಂದ ಬೆಳಿಗ್ಗೆಯೇ ನಿನ್ನಮ್ಮ ಅಂಗಡಿಗೆ ನುಗ್ಗಿದಳು. ನೀನು ಜಗಳವಾಡಿಕೊಂಡು ಆ ಭಾಷೆ ಕಲಿಯಲು ಹೊರಟುಹೋದ ಮೇಲೆ 'ಅವಳ ಪುಸ್ತಕ ನನ್ನ ಹೊಸಿಲು ದಾಟಕೂಡದು' ಅಂದವಳು ಅವಳೇ ತಾನೇ?

"ಲೋ ಪೆದ್ದ, ಮೂವರಲ್ಲ ಕಣೋ, ಒಬ್ಬನೇ! ಅರಬ್ಬರಲ್ಲಿ ಮಗು ಹುಟ್ಟಿದ ಮೇಲೆ ಅದರ ಹೆಸರು ಹಿಡಿದು ಇಂಥವಳ ಅಪ್ಪ, ಇಂಥವಳ ಅಮ್ಮ ಅಂತಾನೂ ಕರೀತಾರೆ. ಮೊದಲನೇ ಅಧ್ಯಾಯದಲ್ಲೇ ಇದೆ. ನನ್ನ ಮಗಳು ಕಷ್ಟಪಟ್ಟು ಬರೆದದ್ದಕ್ಕೆ ಮಸಿ ಬಳಿದುಬಿಟ್ಟೆಯಲ್ಲೋ!"

ನಾನು ಟೇಪು ಕುತ್ತಿಗೆಗೆ ಹಾಕಿಕೊಂಡು ಮೆಲ್ಲಗೆ ಕೇಳಿದೆ: "ಅಕ್ಕಾ, ಹೊಸಿಲು ದಾಟದ ಪುಸ್ತಕದೊಳಗೆ ಏನಿದೆ ಅಂತ ನಿನಗೆ ಹ್ಯಾಗೆ ಗೊತ್ತಾಯ್ತು?"

ಕಾಜಾ ಹೊಲಿಯುತ್ತಿದ್ದ ನಿನ್ನತ್ತೆ ಬಿದ್ದುಬಿದ್ದು ನಕ್ಕಳು. "ನಗ್ತೀಯೇನೇ? ಕದ್ದು ತಂದುಕೊಟ್ಟವಳು ನೀನೇ ಅಲ್ವಾ!" ಎಂದು ಅಕ್ಕ ಅವಳನ್ನೂ ಸಿಕ್ಕಿಸಿದಳು. ಎರಡು ಸಲ ಓದಿದ್ದಾಳಂತೆ ಮಹಾರಾಯಿತಿ!

ಆ ತಪ್ಪನ್ನು ಬೇಕೆಂದೇ ಮಾಡಿದೆ ಎಂದು ಊರಿಗೆಲ್ಲ ಹೇಳುತ್ತಿದ್ದೇನೆ. ನೀನೂ ಹಾಗೇ ಹೇಳು. ತಿದ್ದುಪಡಿ ಮುಂದಿನ ವಾರ ಬರುತ್ತದೆ. ಬರೆದವಳು ನಿನ್ನಮ್ಮ. ಕಾದಂಬರಿಗಿಂತ ನನ್ನ ಪೆದ್ದತನದ ವಿಮರ್ಶೆಯೇ ಅದರಲ್ಲಿ ಹೆಚ್ಚು.

ನಿನ್ನ ಪೆನ್ನಿನ ದಾರ ಎಂದೂ ಕಡಿಯದಿರಲಿ.

ಇಂತಿ,
ಸುಪ್ರಸಿದ್ಧ ವಿಮರ್ಶಕನಾದ ನಿನ್ನ ಮಾವ

ತಾ.ಕ.: ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು: "ಮಗಳು ಮುನಿಸಿಕೊಂಡು ಹೋದರೂ ಇಂಥವಳ ಅಮ್ಮ ಅನ್ನೋ ಹೆಸರು ತಾಯಿಗೆ ಉಳಿಯುತ್ತೇನೋ?" ನೀನು ಹೋದಮೇಲೆ, ಅವಳಿಗೆ ನೋವಾದೀತೆಂದು ಬೀದಿಯಲ್ಲಿ ಯಾರೂ ಅವಳನ್ನು 'ಪುಟ್ಟಿ ಅಮ್ಮ' ಅನ್ನುತ್ತಿಲ್ಲ. ಅವಳು ತಿರುವಿನ ಹತ್ತಿರ ಹೋದಾಗ ಅಂಗಡಿ ಮುಂದೆ ನಿಂತು ಕೂಗಿದೆ: "ಪುಟ್ಟಿ ಅಮ್ಮಾ!"

ಗಕ್ಕನೆ ನಿಂತಳು. ತಿರುಗಿ, "ಏನೋ?" ಅಂದಳು.

ಕರೆದರೆ ಓಗೊಡುತ್ತಾಳೆ ಪುಟ್ಟಿ. ನಾನು ಟ್ರಯಲ್ ನೋಡಿದ್ದೇನೆ.