ಸೊಪ್ಪು ತರಬೇಡ, ಆಂಜನಪ್ಪ

ಊರಿಗಾಂ,
8-11-1959

ನನ್ನ ಮುದ್ದಿನ ತಮ್ಮ ಆಂಜನಪ್ಪನಿಗೆ ನಿನ್ನ ಅಕ್ಕ ನಾರಾಯಣಮ್ಮನ ಆಶೀರ್ವಾದಗಳು. ದೇವರ ದಯೆಯಿಂದ ಇಲ್ಲಿ ನಾವೆಲ್ಲ ಉಸಿರಾಡಿಕೊಂಡಿದ್ದೇವೆ. ಬೂದಿಕೋಟೆಯಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು, ದನಕರು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ನೀನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಕಡಲೆಕಾಯಿ ಬಂತು. ಜೊತೆಗಿದ್ದ ಚೀಟಿಯೂ ಬಂತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಎಷ್ಟೋ ಸಲ ಪೆನ್ನು ಹಿಡಿದು ಕೂತೆ, ಚೀಟಿಯಲ್ಲಿ ನೀನು ಕೇಳಿದ ಒಂದು ಮಾತಿಗೆ ಏನು ಬರೆಯಲಿ ಎಂದು ತೋಚದೆ ಎದ್ದುಹೋದೆ. "ಅಮ್ಮಾಜಿ ಇನ್ನೂ ದೊಡ್ಡೋಳಾಗಲಿಲ್ವಾ ಅಕ್ಕಾ? ಗುಡ್ಲಿಗೆ ಅತ್ತಿ ಸೊಪ್ಪು, ತೆಂಗಿನ ಗರಿ ಎಲ್ಲಾ ನಾನೇ ತತ್ತೀನಿ, ಬ್ಯಾರೆ ಯಾರ್ನೂ ಕೇಳಬ್ಯಾಡ" ಎಂದು ಬರೆದಿದ್ದೆಯಲ್ಲ. ಅವಳಿಗಿರುವ ಒಬ್ಬನೇ ಸೋದರಮಾವ ನೀನು. ಹಸಿರು ಸೊಪ್ಪಿನ ಗುಡ್ಲು ಹಾಕಿ ಅವಳನ್ನು ಒಳಗೆ ಕೂರಿಸುವ ಹಕ್ಕು ನಿನಗಲ್ಲದೆ ಇನ್ಯಾರಿಗಿದೆ? ಅದಕ್ಕೇ ಬರೆಯಲು ಕೈ ಬರಲಿಲ್ಲ.

ಮೊದಲು ಓಟದ ಸುದ್ದಿ ಕೇಳು. ಕೋಲಾರದಲ್ಲಿ ನಡೆದ ಜಿಲ್ಲೆಯ ಪಂದ್ಯದಲ್ಲಿ ನಿನ್ನ ಸೋದರಸೊಸೆ ನೂರು ಮೀಟರ್ ಓಟಕ್ಕೆ ಮೊದಲು ಬಂದಳು. ಎರಡನೆಯವಳು ಎಲ್ಲಿದ್ದಾಳೆಂದು ಹುಡುಕಬೇಕಾಯಿತಂತೆ. ಇದು ಅವಳ ಡ್ರಿಲ್ ಮೇಷ್ಟ್ರು ಸೀನಪ್ಪ ಹೇಳಿದ್ದು, ಅವರು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಾರೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ. ಮೊದಲ ಮೂವರಲ್ಲಿ ಬಂದರೆ ತಂಡಕ್ಕೆ ಸೇರುತ್ತಾಳೆ, ಮುಂದೆ ಡ್ರಿಲ್ ಟೀಚರ್ ತರಬೇತಿಗೆ ಸೀಟು ಸಿಗುವುದು ಸುಲಭ. "ಗೌರ್ಮೆಂಟ್ ಕೆಲ್ಸ ಕಣಮ್ಮ, ನಿನ್ ಮಗಳು ಯಾರ ಮುಂದೇನೂ ಕೈ ಒಡ್ಡಂಗಿಲ್ಲ" ಎಂದು ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು ಹೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು.

ಆದರೆ ಓಟಕ್ಕೆ ಬರೀ ಕಾಲಿದ್ದರೆ ಸಾಲದು ಕಣಪ್ಪ. ದಿನಾ ಮೊಟ್ಟೆ, ಹಾಲು, ವಾರಕ್ಕೊಂದು ಸಲ ಕುರಿ ಕಾಲಿನ ಸಾರು. ತಳದಲ್ಲಿ ಮೊಳೆ ಇರುವ ಬೂಟು ಬೆಂಗಳೂರಿನಿಂದಲೇ ಬರಬೇಕು. ನಮ್ಮ ಮದುವೆಯಲ್ಲಿ ಅಪ್ಪ ಅಳಿಯನಿಗೆ ಕೊಡಿಸಿದ ಜೋಡಿಗಿಂತ ದುಬಾರಿ. ನಾಲ್ಕು ತಿಂಗಳಲ್ಲಿ ಅದೂ ಬಿಗಿಯಾಯಿತು ಅನ್ನುತ್ತಾಳೆ ಮಹಾರಾಯ್ತಿ! ಮನೆಗೆ ಬರುವ ಹಾಲೆಲ್ಲ ಅವಳಿಗೇ. ನಾವು ಕರೀ ಕಾಫಿ ಕುಡಿಯುತ್ತೇವೆ, ಚಿಕ್ಕವನು ಮೊಟ್ಟೆಯ ಸಿಪ್ಪೆ ನೋಡಿಕೊಂಡು ಅನ್ನ ಉಣ್ಣುತ್ತಾನೆ.

ಈ ಖರ್ಚಿಗೆಂದೇ ನಿಮ್ಮ ಭಾವ ಗಣಿಯಲ್ಲಿ ತೀರಾ ತಳದ ಕೆಲಸ ಕೇಳಿ ಹಾಕಿಸಿಕೊಂಡಿದ್ದಾರೆ. ಅಲ್ಲಿ ಕೂಲಿ ಜಾಸ್ತಿ. ಜಾಸ್ತಿ ಯಾಕೆ ಅಂದರೆ ಅಲ್ಲಿ ಬಂಡೆ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಒಳಗೆ ಸಿಡಿದರೆ ಇಲ್ಲಿ ಮೇಲೆ ಲೈನ್ ಮನೆಗಳಲ್ಲಿ ಪಾತ್ರೆ ಗಡಗಡ ಅನ್ನುತ್ತವೆ. ಗಂಡ ಪಾಳಿಯಲ್ಲಿರುವ ಹೆಂಗಸರೆಲ್ಲ ಒಲೆ ಹಾಗೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುತ್ತೇವೆ. ಆಳುಗಳನ್ನು ಮೇಲೆತ್ತುವ ಕೇಜಿನಿಂದ ತನ್ನ ಗಂಡ ಇಳಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆ ಬಾಳು ನನ್ನ ಮಗಳಿಗೆ ಬೇಡ ಆಂಜನಪ್ಪ. ನನ್ನ ಆಸೆ ಇದೊಂದೇ.

ನಮ್ಮ ಅತ್ತೆಯ ಕರಾರು ನಿನಗೆ ಗೊತ್ತಿಲ್ಲ. ಬಂಗಾರಪೇಟೆಯಿಂದ ಬಂದಾಗಲೆಲ್ಲ ಅದೇ ರಾಗ. "ದೊಡ್ಡೋಳಾಗೋಗಂಟ ಓಡ್ಲಿ. ಆದ ದಿನವೇ ಚಡ್ಡಿ, ಬೂಟು ಎಲ್ಲಾ ಬಿಚ್ಚಿಡಬೇಕು. ಯುಗಾದಿ ಒಳಗೆ ನಮ್ಮ ಕದಿರಪ್ಪನ ಮಗನಿಗೆ ಕೊಟ್ಬಿಡಬೇಕು." ಕದಿರಪ್ಪ ಅವರ ತಮ್ಮ, ಅವನ ಮಗನೂ ಗಣಿಗೆ ಇಳಿಯುವವನೇ. ನಿಮ್ಮ ಭಾವ ತಾಯಿಯ ತಲೆ ಮುಟ್ಟಿ ಆಗಲಿ ಎಂದುಬಿಟ್ಟಿದ್ದಾರೆ. ಆ ಮನುಷ್ಯ ಪ್ರಾಣ ಬಿಟ್ಟಾರು, ಮಾತು ಬಿಡುವವರಲ್ಲ.

ಈಗ ಕೇಳು. ಅಮ್ಮಾಜಿ ಗಣೇಶನ ಹಬ್ಬದ ಮಾರನೆಯ ದಿನವೇ ಮೈನೆರೆದಳು. ನಾನು ಮುಚ್ಚಿಟ್ಟೆ.

ಗಂಡನಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ. ಪಕ್ಕದ ಮನೆಯ ಮಾರಿಯಮ್ಮ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು, ಅವಳಿಗೂ ಹೇಳಿಲ್ಲ. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ, ಕೊಬ್ಬರಿಯ ಜೊತೆ ಕದ್ದು ತಿನ್ನಿಸಿದೆ. ಆರತಿ ಇಲ್ಲ, ಗುಡ್ಲು ಇಲ್ಲ, ಹಾಡಿಲ್ಲ. ಮಗು ತಿನ್ನುತ್ತಾ, "ಮಾವ ಬರಲ್ವಾ ಅಮ್ಮಾ?" ಅಂದಳು. "ಓಡಬೇಕಾ, ಮಾವ ಬೇಕಾ?" ಎಂದು ಗದರಿಬಿಟ್ಟೆ.

ಅಂದಿನಿಂದ ನಾನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ತಿರುಗುತ್ತಿದ್ದೇನೆ. ಹೊರಗಾದವರ ಕೈಯಿಂದ ಬುತ್ತಿ ತೆಗೆದುಕೊಂಡು ಗಣಿಗೆ ಇಳಿಯಬಾರದು, ಭೂಮಿತಾಯಿ ಸಹಿಸುವುದಿಲ್ಲ ಎಂಬುದು ಇಲ್ಲಿನ ನಂಬಿಕೆ. ಅಪ್ಪನಿಗೆ ಬುತ್ತಿ ಕೊಡುವುದು ಮೊದಲಿನಿಂದ ಅಮ್ಮಾಜಿಯ ಕೆಲಸ. ಆ ದಿನಗಳಲ್ಲಿ ನಾನೇ ಕೊಡಹೋದರೆ ಇವರು, "ಯಾಕೆ, ಎಲ್ಲೋದ್ಲು ನನ್ ಕುದ್ರೆ?" ಎಂದು ಹುಡುಕುತ್ತಾರೆ. ಸುಳ್ಳಿಗೊಂದು ಸುಳ್ಳು ಸೇರಿಸಿ ಸಾಕಾಗಿದೆ. ಹೋದ ತಿಂಗಳು ಒಂದು ದಿನ ನಾನು ನೀರಿನ ನಲ್ಲಿಯ ಹತ್ತಿರ ಇದ್ದೆ, ಬರುವಷ್ಟರಲ್ಲಿ ಅವಳೇ ಬುತ್ತಿ ಕೊಟ್ಟು ಕಳಿಸಿದ್ದಳು. ಇವರು ಮೇಲೆ ಬರುವವರೆಗೆ ಶಾಫ್ಟಿನ ಬಾಯಲ್ಲೇ ನಿಂತಿದ್ದೆ. ಓದು ಬರಹ ಕಲಿತ ನಾನು ಇದನ್ನೆಲ್ಲ ನಂಬುತ್ತೇನಾ ಎಂದು ನೀನು ನಗಬಹುದು. ನಿನ್ನ ಹೆಂಡತಿ ಗಣಿಗೆ ಇಳಿಯುವವನ ಹೆಂಡತಿಯಾಗಿದ್ದರೆ ಆಗ ನಗು.

ಅದಕ್ಕೇ ಬೇಡಿಕೊಳ್ಳುತ್ತೇನೆ, ಆಯ್ಕೆ ಮುಗಿಯುವವರೆಗೆ ಈ ಕಡೆ ಬರಬೇಡ. ಸೊಪ್ಪು ತರಬೇಡ. ತಂಡಕ್ಕೆ ಹೆಸರು ಬಂದ ಮೇಲೆ ಅತ್ತೆಯ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ. ಇದನ್ನು ಓದಿ ಒಲೆಗೆ ಹಾಕು. ನಿನಗೂ ನಿನ್ನ ಮನೆಯವರಿಗೂ ಆ ತಾಯಿ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ
ನಾರಾಯಣಮ್ಮ


ಊರಿಗಾಂ,
20-12-1959

ಚಿರಂಜೀವಿ ಆಂಜನಪ್ಪನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ವಾರವಾಯಿತು. ನೀನು ಕೋಪಿಸಿಕೊಳ್ಳಲಿಲ್ಲ ಎಂದು ಓದಿ ಅತ್ತುಬಿಟ್ಟೆ. ಕೂಡಲೇ ಬರೆಯಬೇಕಿತ್ತು, ಕೈ ಆಡಲಿಲ್ಲ. ಮೊದಲು ಇದನ್ನು ತಿಳಿದುಕೋ: ನಿಮ್ಮ ಭಾವ ಕ್ಷೇಮವಾಗಿದ್ದಾರೆ.

ಆಯ್ಕೆಯ ದಿನ ಇವರಿಗೆ ಬೆಳಗಿನ ಪಾಳಿ ಇತ್ತು. ಮಗಳ ಓಟ ನೋಡಬೇಕೆಂದು ಜೀವ ಬಿಡುತ್ತಿದ್ದರು, ರಜೆ ಸಿಗಲಿಲ್ಲ. ಆಗ ಮಾರಿಯಮ್ಮನ ಗಂಡ ಪೆರುಮಾಳ್, "ನೀನು ಓಗಪ್ಪ ಕೋದಂಡ, ನಿನ್ ಪಾಳಿ ನಾನು ಇಳೀತೀನಿ. ಒಂದು ದಿನಕ್ಕೆ ಗಣಿ ಏನು ಓಡೋಗ್ತದಾ?" ಅಂದರು. ಅವರದು ಮೇಲಿನ ಹಂತದ ಕೆಲಸ, ತಳಕ್ಕೆ ಇಳಿದು ವರ್ಷಗಳಾಗಿದ್ದವು. ನಾವು ಬೇಡ ಅನ್ನಲಿಲ್ಲ.

ಹೊರಡುವಾಗ ಮಾರಿಯಮ್ಮ ಅಮ್ಮಾಜಿಗೆ ಹೂ ಮುಡಿಸಿ, "ಮಾಮನ ಕಾಲಿಗೆ ಬೀಳು ನನ್ ಕಣ್ಣೇ, ಅವರ ಬಾಯಿಂದ ಬಂದದ್ದು ಆಯ್ತದೆ" ಅಂದಳು. ಇವಳು ಹಿಂದೆ ಹಿಂದೆ ಸರಿದಳು. ನಾನೇ ಬೆನ್ನು ತಳ್ಳಿ, "ಬೀಳೇ, ರೈಲು ಹೊರಟುಹೋಗುತ್ತೆ" ಎಂದು ಅವಸರ ಮಾಡಿದೆ. ಬಗ್ಗಿ ಕಾಲು ಮುಟ್ಟಿದಳು. ಪೆರುಮಾಳ್ ಅವಳ ತಲೆಯ ಮೇಲೆ ಕೈಯಿಟ್ಟು, "ಗೆದ್ಕೊಂಡು ಬಾಮ್ಮ, ಬರ್ತಾ ಮಾಮನಿಗೆ ಬೆಂಗ್ಳೂರ್ ಬಿಸ್ಕತ್ತು ತಾ" ಎಂದು ನಕ್ಕರು. ಅವರು ಶಾಫ್ಟಿನ ಕಡೆ ಹೋದರು, ನಾವು ಸ್ಟೇಷನ್ನಿನ ಕಡೆ ಬಂದೆವು.

ಓಟ ನಾನು ಸರಿಯಾಗಿ ನೋಡಲೇ ಇಲ್ಲ ಕಣೋ. ಪಿಸ್ತೂಲಿನ ಸದ್ದಿಗೆ ಎದೆ ಧಸಕ್ಕೆಂದು ಕಣ್ಣು ಮುಚ್ಚಿಬಿಟ್ಟೆ. ತೆರೆಯುವಷ್ಟರಲ್ಲಿ ಇವರು ಯಾರೋ ಗೊತ್ತಿಲ್ಲದ ಗಂಡಸನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ಎರಡನೆಯವಳಾಗಿ ಬಂದಿದ್ದಳು. ತಂಡಕ್ಕೆ ಹೆಸರು ಬಂತು. ಸೀನಪ್ಪ ಮೇಷ್ಟ್ರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು. ಅಮ್ಮಾಜಿ ಅರ್ಧವೂ ತಿನ್ನಲಿಲ್ಲ, ಹೊಟ್ಟೆ ನೋವು ಅಂದಳು. ಓಡಿದ ಆಯಾಸ ಅಂದುಕೊಂಡೆ.

ವಾಪಸು ಬಂಗಾರಪೇಟೆಯಲ್ಲಿ ಇಳಿದು ನಮ್ಮ ಕಡೆಯ ಗಾಡಿಗೆ ಕಾಯುತ್ತಿದ್ದೆವು. ಆಂಡರ್ಸನ್‌ಪೇಟೆಯ ಬಳೆ ವ್ಯಾಪಾರಿಯೊಬ್ಬರು ಇವರನ್ನು ಕಂಡವರೇ ದೆವ್ವ ಕಂಡ ಹಾಗೆ ನಿಂತರು. "ಕೋದಂಡಪ್ಪಾ, ನೀನು ಇಲ್ಲಿದ್ದೀಯಾ? ಬೆಳಗ್ಗೆ ತಳದಲ್ಲಿ ಬಂಡೆ ಸಿಡೀತಲ್ಲಯ್ಯ, ನಿನ್ ಹೆಸರು ಹೇಳ್ತಾವ್ರೆ!" ಅಂದರು.

ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದನ್ನು ಮುಚ್ಚುವುದಿಲ್ಲ. ಇವರು ನನ್ನ ಪಕ್ಕದಲ್ಲೇ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದರು. ಸದ್ಯ, ಬದುಕಿದೆ ಅನ್ನಿಸಿತು. ಸಂತೋಷವೇ ಆಯಿತು. ಆಮೇಲೆ ಪೆರುಮಾಳ್ ನೆನಪಾದರು.

ಎರಡು ದಿನವಾದ ಮೇಲೆ ಹೆಣ ಮೇಲೆ ತಂದರು. ಮಾರಿಯಮ್ಮ ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಶಾಫ್ಟಿನ ಬಾಯಲ್ಲಿ ನನ್ನನ್ನು ಕಂಡವಳೇ, "ನಮ್ ಅಮ್ಮಾಜಿ ಗೆದ್ಲಾ ಅಕ್ಕಾ?" ಎಂದು ಕೇಳಿದಳು. ಹೂಂ ಅಂದೆ. ಸೆರಗು ಬಾಯಿಗೆ ತುರುಕಿಕೊಂಡು ಕೂತುಬಿಟ್ಟಳು.

ನಿಮ್ಮ ಭಾವ ಸೋಮವಾರದಿಂದ ಮತ್ತೆ ಅದೇ ತಳಕ್ಕೆ ಇಳಿಯುತ್ತಿದ್ದಾರೆ. ಬೇಡ ಅಂದರೆ, "ಪೆರುಮಾಳ್ ನಿಂತಿದ್ದ ಜಾಗ, ಇನ್ನೊಬ್ಬನ್ನ ಕಳಿಸ್ಲಾ?" ಅನ್ನುತ್ತಾರೆ.

ಹೆಣ ನೋಡಲು ಬಂದ ಅತ್ತೆ ನಮ್ಮಲ್ಲೇ ಉಳಿದಿದ್ದಾರೆ. ಬಂದ ದಿನವೇ ನಡುಮನೆಯಲ್ಲಿ ಕೂತು, "ಯಾವ್ದೋ ಮನೇಲಿ ಮೈಲಿಗೆ ಆಗೈತೆ ಕಣಮ್ಮೇ. ಇಲ್ಲಾಂದ್ರೆ ಭೂಮ್ತಾಯಿ ಇಂಗೆ ಮುನೀತಾಳಾ?" ಎಂದರು. ಅಮ್ಮಾಜಿ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಎದ್ದುಹೋದಳು. ಅಂದಿನಿಂದ ಅವಳಿಗೆ ಅನ್ನ ಸೇರುತ್ತಿಲ್ಲ. ಮೈದಾನಕ್ಕೆ ಹೋಗುತ್ತಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಲ್ಲಿ ತಂಡದ ಕ್ಯಾಂಪು. ಮೇಷ್ಟ್ರು ಬಂದು ಕರೆದರೆ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿಕೊಳ್ಳುತ್ತಾಳೆ. ಅತ್ತೆಯ ಕಣ್ಣು ಬಲು ಚುರುಕು, ಅವಳನ್ನೇ ನೋಡುತ್ತಿರುತ್ತದೆ. ಕದಿರಪ್ಪನಿಗೆ ಹೇಳಿಕಳಿಸಿದ್ದಾರೆಂದು ಕಾಣುತ್ತದೆ.

ನನಗೆ ಭಯವಾಗುತ್ತಿದೆ ತಮ್ಮಾ. ಗಂಡ ಕೇಜಿಗೆ ಹತ್ತಿದರೆ ಭಯ, ಅತ್ತೆ ಬಾಯಿ ತೆರೆದರೆ ಭಯ, ಮಗಳು ಸುಮ್ಮನೆ ಕೂತರೆ ಎಲ್ಲಕ್ಕಿಂತ ಹೆಚ್ಚು ಭಯ. ಮನೆಯ ಹಿಂದೆಯೇ ಬಾವಿ ಇದೆ. ಹಗಲೆಲ್ಲ ಅವಳ ಹಿಂದೆಯೇ ತಿರುಗುತ್ತಿದ್ದೇನೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ನಿನ್ನ ಹೆಂಡತಿಗೆ ಹೆರಿಗೆ ಸುಸೂತ್ರವಾಗಲೆಂದು ಹರಸಿದ್ದೇನೆಂದು ಹೇಳು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ
ನಾರಾಯಣಮ್ಮ

ವಿ.ಸೂ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಈ ಮಾತು ಬರೆಯದಿದ್ದರೆ ಕಾಗದ ಕಳಿಸಿಯೂ ಪ್ರಯೋಜನವಿಲ್ಲ.

ಇವತ್ತು ಬೆಳಗ್ಗೆ ಅಮ್ಮಾಜಿಗೆ ತಲೆ ಬಾಚುತ್ತಿದ್ದೆ. ನನ್ನ ಕಡೆ ತಿರುಗದೆಯೇ ಹೇಳಿದಳು: "ಅಮ್ಮಾ, ಆವತ್ತು ಬೆಳಗ್ಗೆ ನಾನು ಹೊರಗಾಗಿದ್ದೆ. ಹೇಳಿದ್ರೆ ನೀನು ಗಾಬರಿ ಬೀಳ್ತೀಯಾಂತ ನಿನಗೂ ಹೇಳಲಿಲ್ಲ. ಅದಕ್ಕೇ ಮಾಮನ ಕಾಲು ಮುಟ್ಟಲ್ಲ ಅಂತ ಹಿಂದಕ್ಕೆ ಸರಿದೆ. ನೀನು ತಳ್ಳಿದೆ. ನಾನು ಮುಟ್ಟಿದ್ದಕ್ಕೇ ಮಾಮ ಸತ್ತೋದ್ರಾ?"

ಇಲ್ಲ ಕಂದಾ ಅನ್ನಬೇಕಿತ್ತು. ತಾಯಿಯಾದವಳು ಅಷ್ಟು ಹೇಳಿದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದೇನು ಗೊತ್ತಾ? "ಸುಮ್ನಿರೇ, ಮಾರಿಯಮ್ಮನ ಕಿವಿಗೆ ಬಿದ್ದೀತು" ಅಂದೆ. ಅವಳು ನನ್ನನ್ನು ನೋಡಿದಳು. ಆ ನೋಟ ಬರೆಯಲು ನನ್ನಿಂದ ಆಗುವುದಿಲ್ಲ.

ಬೇಗ ಬಾ ಆಂಜನಪ್ಪ. ಸೊಪ್ಪು ಬೇಡ, ಬರಿಗೈಲಿ ಬಾ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ತಪ್ಪಿಲ್ಲ ಮಗಳೇ ಎಂದು ಹೇಳು. ನೀನು ಹೇಳಿದರೆ ನಂಬಿಯಾಳು. ನಾನು ಬೆಳಗಿನಿಂದ ಎಷ್ಟೋ ಸಲ ಬಾಯಿ ತೆರೆದೆ, ಮಾತು ಬರುತ್ತಿಲ್ಲ. ಇನ್ನೂ ನನಗೇ ನಂಬಿಕೆ ಬಂದಿಲ್ಲ ಕಣಪ್ಪ.