ಗೋಡೆಯ ಹೆಸರಿಗೆ ಓಗೊಟ್ಟವಳು

ಯುದ್ಧ ಸ್ಮಾರಕದ ಮಾನ್ಯ ಆಡಳಿತಾಧಿಕಾರಿಗಳೇ,

ನೀವು ಕೇಳಿರುವ ಕ್ಷಮಾಪಣೆ ಪತ್ರವನ್ನು ನನ್ನ ವಿದ್ಯಾರ್ಥಿನಿ ಬರೆಯುವುದಿಲ್ಲ. ಬರೆಯಲು ನಾನು ಬಿಡುವುದಿಲ್ಲ. ಇದನ್ನು ನಿಮ್ಮ ಕಚೇರಿಗೇ ಬಂದು ಹೇಳೋಣವೆಂದರೆ, ಪತ್ರ ತಲುಪುವವರೆಗೆ ನಮ್ಮ ಶಾಲೆಯವರು ಗೇಟು ದಾಟಕೂಡದೆಂದು ನೀವೇ ಅಪ್ಪಣೆ ಕೊಡಿಸಿದ್ದೀರಿ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ನೋಟಿಸಿನ ಪ್ರಕಾರ ನಮ್ಮ ಏಳನೇ ತರಗತಿಯ ಹುಡುಗಿ 'ಹುತಾತ್ಮರನ್ನು ಅಣಕಿಸಿ ಸ್ಥಳದ ಗಾಂಭೀರ್ಯಕ್ಕೆ ಭಂಗ ತಂದಿದ್ದಾಳೆ'. ನಡೆದದ್ದನ್ನು ಹೇಳುತ್ತೇನೆ. ನಾನು ಚರಿತ್ರೆ ಪಾಠ ಮಾಡುವವಳು. ಪ್ರವಾಸಕ್ಕೆಂದು ಕರೆತಂದ ಮಕ್ಕಳನ್ನು ಆ ಕಪ್ಪು ಕಲ್ಲಿನ ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿ, ಕೆತ್ತಿದ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದೆ. ಇಸವಿಗಳನ್ನು ಉರುಹೊಡೆದು ಬೇಸತ್ತವರು ಒಮ್ಮೆ ಮನುಷ್ಯರ ಹೆಸರು ಕೇಳಲಿ ಎಂಬ ಆಸೆ. ಆದರೆ ನಾನು ಓದಿದ್ದು ದಿನಾ ಬೆಳಿಗ್ಗೆ ಹಾಜರಿ ಕೂಗುವ ರಾಗದಲ್ಲೇ. ನನಗೆ ಬೇರೆ ರಾಗ ಬರುವುದಿಲ್ಲ. ಮೂರನೆಯ ಹೆಸರಿಗೋ ನಾಲ್ಕನೆಯದಕ್ಕೋ ಹಿಂದಿನ ಸಾಲಿನಿಂದ ಸ್ಪಷ್ಟವಾಗಿ ಕೇಳಿಸಿತು: "ಹಾಜರ್ ಟೀಚರ್!"

ಅವಳೇ. ಶಾಲೆಗೆ ಬಾರದ ಗೆಳತಿಯರಿಗೆಲ್ಲ ದನಿ ಬದಲಿಸಿ ಹಾಜರಿ ಹೇಳುವುದರಲ್ಲಿ ಎತ್ತಿದ ಕೈ. ಅದಕ್ಕಾಗಿ ನನ್ನಿಂದ ಬೈಸಿಕೊಳ್ಳದ ವಾರವಿಲ್ಲ. ಉಳಿದವರು ಕಿಸಕ್ಕೆಂದರು. ನಾನು ಕಣ್ಣು ಕೆಂಪಗೆ ಮಾಡಿ, "ಏನೇ ಇದು? ಇಲ್ಲೂನಾ?" ಎಂದೆ.

ಅವಳು ಹೇಳಿದಳು: "ಯಾರೂ ಮಾತಾಡ್ಲಿಲ್ಲ ಟೀಚರ್. ಪಾಪ, ಅವ್ರಿಗೆ ಆಬ್ಸೆಂಟ್ ಹಾಕಿಬಿಡ್ತೀರೇನೋ ಅಂತ ಬಾಯಿಗೆ ಬಂದ್ಬಿಡ್ತು."

ಮಾನ್ಯರೇ, ಇಷ್ಟು ವರ್ಷ ಚರಿತ್ರೆ ಕಲಿಸಿದ್ದೇನೆ, ಸತ್ತವರ ಪರವಾಗಿ ಇಷ್ಟು ಸಲೀಸಾಗಿ ಮಾತಾಡಿದವರನ್ನು ಕಂಡಿರಲಿಲ್ಲ. ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಮುಂದಿನ ಹೆಸರು ಓದಿದೆ. ಈ ಸಲ ಬೇರೊಬ್ಬ ಓಗೊಟ್ಟ. ಅದರ ಮುಂದಿನದಕ್ಕೆ ಮತ್ತೊಬ್ಬಳು. ನಗು ತಾನಾಗಿ ನಿಂತಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜಡೆ ಎಳೆದಾಡಿಕೊಂಡು ಬಂದ ಮಕ್ಕಳು ತಮ್ಮ ಸರದಿಯ ಹೆಸರಿಗಾಗಿ ಮೈಯೆಲ್ಲ ಕಿವಿಯಾಗಿ ನಿಂತಿದ್ದರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಕೋಲೂರುತ್ತ ಬಂದು, "ಕೆಳಗಿನ ಸಾಲಲ್ಲಿ ನಮ್ಮಣ್ಣ ಇದಾನೆ. ಅವನ ಹೆಸರೂ ಕೂಗ್ತೀಯೇನಮ್ಮ?" ಎಂದು ಕೇಳಿದರು. "ಬಂದೆ ಅಜ್ಜಿ, ಸಾಲಾಗೇ ಬರ್ತಿದೀನಿ" ಎಂದೆ. ಇನ್ನೆರಡು ಸಾಲು ಬಾಕಿಯಿರುವಾಗ ನಿಮ್ಮ ಕಾವಲುಗಾರ ಸೀಟಿ ಊದಿದ. ಅವನನ್ನೇನೂ ದೂರುವುದಿಲ್ಲ, ಮಹಡಿಯ ಕಿಟಕಿಯಿಂದ ಕೈಬೀಸಿದವರು ನೀವು. ನಮ್ಮನ್ನು ಹೊರಗೆ ಅಟ್ಟಿದಾಗ ಅಜ್ಜಿಯೂ ಹಿಂದೆಯೇ ಬಂದು, ಗೇಟಿನಾಚೆ ನಿಂತು ಅಣ್ಣನ ಹೆಸರನ್ನು ನನಗೆ ಹೇಳಿದರು.

ಗಾಂಭೀರ್ಯವಂತೆ! ಗಣ್ಯರು ಬಂದ ದಿನ ಅದೇ ಗೋಡೆಯ ಪಕ್ಕ ಧ್ವನಿವರ್ಧಕ ಕಿವಿ ಹರಿಯುವಂತೆ ಕಿರುಚಬಹುದೇ? ಫೋಟೋ ಸರಿಯಾಗಿ ಬರಲಿಲ್ಲವೆಂದು ಇಟ್ಟ ಪುಷ್ಪಚಕ್ರವನ್ನು ಎತ್ತಿ ಮತ್ತೆ ಇಡಬಹುದೇ? ಎರಡನ್ನೂ ಕಣ್ಣಾರೆ ಕಂಡಿದ್ದೇನೆ. ಆಗೆಲ್ಲ ಹುತಾತ್ಮರಿಗೆ ಗಾಢ ನಿದ್ದೆ, ಒಂದು ಹುಡುಗಿ ಬಾಯಿಬಿಟ್ಟರೆ ಮಾತ್ರ ಎಚ್ಚರವಾಗಿಬಿಡುತ್ತದೋ? ಹೆಸರುಗಳನ್ನು ಕೆತ್ತಿಸಿದ್ದು ಓದುವುದಕ್ಕಲ್ಲದೆ, ಒರೆಸಿ ಹೊಳಪು ಕೊಡುವುದಕ್ಕೋ?

ನಮ್ಮ ಮುಖ್ಯೋಪಾಧ್ಯಾಯರು ಒಳ್ಳೆಯವರು, ಸರ್ಕಾರಿ ಲಕೋಟೆ ಕಂಡರೆ ಬೆವರುವವರು. "ಎರಡು ಸಾಲು ಬರೆಸಿ ಕಳಿಸಿಬಿಡಿ ಟೀಚರ್, ನಮ್ಮ ಗಂಟೇನು ಹೋಗುತ್ತೆ?" ಎಂದರು. ಏನು ಹೋಗಿದೆಯೆಂದು ಅವರನ್ನು ತರಗತಿಗೇ ಕರೆದೊಯ್ದು ತೋರಿಸಿದೆ. ನಿಮ್ಮ ಆದೇಶದಂತೆ ನೋಟಿಸನ್ನು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ಓದಿದ ಮೇಲೆ, ಅವಳು ಗೆಳತಿಯರ ಹಾಜರಿ ಹೇಳುವುದಿರಲಿ, ತನ್ನದನ್ನೂ ಹೇಳುತ್ತಿಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲುತ್ತಾಳೆ, ನೆಲ ನೋಡುತ್ತಾಳೆ, ಕೂರುತ್ತಾಳೆ. ಆ ತುಂಟ ದನಿ ನನಗೆ ವಾಪಸು ಬೇಕು.

ಆದ್ದರಿಂದ ಕೇಳಿ. ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಅದನ್ನು ಎಲ್ಲಿ ಓದಿಸಿದಿರೋ ಅಲ್ಲೇ, ಎಲ್ಲರೆದುರೇ, ಹಿಂದಕ್ಕೆ ಪಡೆದದ್ದನ್ನೂ ಓದಿಸಿ. ಬರುವ ಶನಿವಾರ ಆ ತರಗತಿಯನ್ನು ಮತ್ತೆ ಕರೆತರುತ್ತೇನೆ. ಗೇಟು ತೆರೆದಿದ್ದರೆ ಉಳಿದ ಸಾಲುಗಳನ್ನು ಗೋಡೆಯ ಮುಂದೆ ಓದುತ್ತೇವೆ. ಮುಚ್ಚಿದ್ದರೆ ರಸ್ತೆಯಲ್ಲೇ ನಿಂತು ಅಜ್ಜಿಯ ಅಣ್ಣನ ಹೆಸರೊಂದನ್ನಾದರೂ ಕೂಗುತ್ತೇವೆ. ನೀವು ಕಿಟಕಿ ಹಾಕಿಕೊಂಡರೂ ಕೇಳಿಸುವಷ್ಟು ಗಟ್ಟಿ ದನಿ ನನಗಿದೆ. ಅಜ್ಜಿ ಬರುತ್ತೇನೆಂದಿದ್ದಾರೆ. ಆ ಹೆಸರಿಗೆ ಓಗೊಡುವವರು ಯಾರು ಎಂದು ನಿನ್ನೆ ತರಗತಿಯಲ್ಲಿ ಕೇಳಿದೆ. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಅವಳಿನ್ನೂ ಹೂಂ ಎಂದಿಲ್ಲ. ಶನಿವಾರದವರೆಗೆ ಸಮಯವಿದೆ, ಅವಳಿಗೂ ನಿಮಗೂ.

ಇಂತಿ,
ಮುಖ್ಯೋಪಾಧ್ಯಾಯರ ರಕ್ತದೊತ್ತಡ ಏರಿಸಿದ ಪಾಪಕ್ಕೆ ಗುರಿಯಾದ,
ಏಳನೇ ತರಗತಿಯ ಚರಿತ್ರೆ ಟೀಚರ್