ಅಪ್ಪನ ಇಪ್ಪತ್ತೆಂಟು ಅಂಕ

"ಈಗ ನಾನು ಎಲ್ಲಿಗೆ ಹೊರಟಿದ್ದೆ?" ಅಂತ ನಿಮ್ಮಪ್ಪ ಬೆಳಿಗ್ಗೆ ಒಂದೇ ಚಪ್ಪಲಿ ಮೆಟ್ಟಿಕೊಂಡು ಗೋಡೆಯನ್ನು ಕೇಳುತ್ತಿದ್ದರು. ಮರೆವಿನ ಬಗ್ಗೆ ಸಂಶೋಧನೆ ಮಾಡುವವರ ಹತ್ತಿರ ಹೊರಟಿದ್ದೇವೆ ಪುಟ್ಟೀ, ಈ ವರ್ಷದ ನೆನಪಿನ ಪರೀಕ್ಷೆಗೆ.

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊ. ಗ್ಯಾಸ್ ಆರಿಸಿದ್ದೇನೆ, ಆದರೂ ಒಮ್ಮೆ ನೋಡು.

ಅಪ್ಪನಿಗೆ ಮರೆವು ಹೆಚ್ಚಾಗಿದೆ ಅಂತ ನೀನಂದಾಗ, ಹೋದ ವರ್ಷದ ಚೀಟಿ ನಿನ್ನ ಮುಖಕ್ಕೆ ಹಿಡಿದಿದ್ದೆ, ಮೂವತ್ತಕ್ಕೆ ಇಪ್ಪತ್ತೆಂಟು ಅಂತ. "ಪರೀಕ್ಷೆಯಲ್ಲಿ ಉತ್ತರ ಹೇಳಿದ್ದು ಅಪ್ಪನೋ ನೀನೋ?" ಅಂತ ನೀನು ನಕ್ಕೆ. ನಾನು ಎರಡು ದಿನ ಮಾತು ಬಿಟ್ಟೆ. ನೀನು ಹೇಳಿದ್ದೇ ನಿಜ.

ಪದ್ಯ ಓದುವವರ ಎದುರು ಕೂತು, ಅವರ ಜೊತೆಗೇ ತುಟಿ ಆಡಿಸುತ್ತಾ ಬೆಳೆದವಳು ನಾನು. ಏನು ಕಿವಿಗೆ ಬಿದ್ದರೂ ತುಟಿ ತಾನಾಗೇ ಆಡುತ್ತದೆ. ಬಾವಿ, ಕತ್ತರಿ, ಮಲ್ಲಿಗೆ, ಗಂಟೆ, ಕುದುರೆ. ನೆನಪಿಟ್ಟು ಹೇಳಬೇಕಾದ ಆ ಐದು ಪದಗಳನ್ನು ನಿಮ್ಮಪ್ಪ ಎದುರಿಗೆ ಕೂತಿದ್ದ ನನ್ನ ತುಟಿ ನೋಡಿಯೇ ಒಪ್ಪಿಸಿದರು. ಮೊದಲ ವರ್ಷ ನನಗೆ ಗೊತ್ತಿಲ್ಲದೆ ಆಯಿತು. ಹೋದ ವರ್ಷ ಬೇಕೆಂದೇ ಆಡಿಸಿದೆ, ಇವತ್ತು ಯಾವ ತಾರೀಖು ಅನ್ನುವ ಪ್ರಶ್ನೆಗೂ ಸೇರಿಸಿ. ಸಂಶೋಧನೆಯವರ ದಾಖಲೆಯಲ್ಲಿ ನಿಮ್ಮಪ್ಪ ಇವತ್ತಿಗೂ ಆರೋಗ್ಯವಂತರು. ಔಷಧಿ ಶುರುವಾಗಬೇಕಿದ್ದ ಒಂದು ವರ್ಷ ನನ್ನಿಂದ ಹೋಯಿತು.

ಬೆಳಿಗ್ಗೆ ದೇವರಿಗೆ ಕೈ ಮುಗಿಯುವುದಕ್ಕೂ ನಾಚಿಕೆಯಾಯಿತು. ನಿನ್ನನ್ನು ಎಬ್ಬಿಸಿ ಹೇಳುವ ಮುಖವಿಲ್ಲದೆ ಬರೆದಿಡುತ್ತಿದ್ದೇನೆ. ಅಲ್ಲಿ ಪರೀಕ್ಷೆ ಮಾಡುವವರಿಗೆ ಮಾತ್ರ ಬಾಯಿಬಿಟ್ಟೇ ಹೇಳುತ್ತೇನೆ.

ಇಗೋ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. "ಬೇಗ ಬಾರೇ. ಹೋದ ಸಲದ ಹಾಗೆ ನನ್ನ ಎದುರಿಗೇ ಕೂತ್ಕೋಬೇಕು, ಆಯ್ತಾ?"

"ಇಲ್ಲ ಕಣ್ರೀ," ಅಂದೆ. "ಈ ಸಲ ನಾನು ಹೊರಗಡೆ ಕೂರ್ತೀನಿ."